ಹಳೆಯ ಡೀಸೆಲ್ ಕಾರು ಮತ್ತು ತೋಟದ ಬ್ಯಾರಲ್

2024-25ರ ಹಂಗಾಮಿನಲ್ಲಿ ಕಾಫಿಗೆ ಒಳ್ಳೆಯ ದರ ಸಿಕ್ಕ ಮೇಲೆ ನಮ್ಮ ಸದಸ್ಯರಲ್ಲಿ ಹಲವರು ಒಂದು ಸಣ್ಣ ಕಾರು ಕೊಳ್ಳುವ ವಿಚಾರದಲ್ಲಿದ್ದಾರೆ. ಹೊಸದಕ್ಕೆ ಕೈಹಾಕಲು ಧೈರ್ಯವಿಲ್ಲದವರೂ, ಧೈರ್ಯವಿದ್ದರೂ ಅಡಿಕೆಯ ಕೊಳೆರೋಗವನ್ನು ಮರೆಯದವರೂ ಹಳೆಯ ಡೀಸೆಲ್ ಕಾರಿನ ಕಡೆ ನೋಡುತ್ತಾರೆ. ಗೊಬ್ಬರದ ಬಿಲ್ಲು ಬರೆಸುತ್ತ "ಸೆಕ್ರೆಟರಿಗಳೇ, ನಿಮ್ಮ ಸ್ವಿಫ್ಟ್ ಲೀಟರಿಗೆ ಎಷ್ಟು ಕೊಡುತ್ತದೆ?" ಎಂದು ಕೇಳುವವರು ವಾರಕ್ಕೆ ಇಬ್ಬರಾದರೂ ಇದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ದಡ್ಡತನದ ಕಥೆಯೂ ಸೇರಿದೆ.

ಮೊದಲು ಲೆಕ್ಕ. 2012ರಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಸುಮಾರು 30 ರೂಪಾಯಿ ಅಂತರವಿತ್ತು. ಆಗ ಎಲ್ಲರೂ ಡೀಸೆಲ್ ಕಾರಿಗೆ ಮುಗಿಬಿದ್ದದ್ದು ಸಹಜ. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹತೋಟಿ ಹೋಯಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಆ ಅಂತರ 12 ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ನಾನು ತಿಂಗಳಿಗೆ 600 ಕಿ.ಮೀ. ಓಡಿಸುವವನು, ವರ್ಷಕ್ಕೆ 7,200. ಘಟ್ಟದ ದಾರಿಯಲ್ಲಿ ನನ್ನ ಕಾರು ಲೀಟರಿಗೆ 18 ಕೊಡುತ್ತದೆ. ಅದೇ ಗಾತ್ರದ ಪೆಟ್ರೋಲ್ ಕಾರು 14 ಕೊಟ್ಟೀತು. 91 ಮತ್ತು 103 ರೂಪಾಯಿ ದರ ಹಿಡಿದರೆ ಡೀಸೆಲ್ಲಿಗೆ 36,400, ಪೆಟ್ರೋಲಿಗೆ ಸುಮಾರು 53,000. ವರ್ಷಕ್ಕೆ ಉಳಿಯುವುದು ಹದಿನಾರೂವರೆ ಸಾವಿರ. ಈ ಅಂಕಿಯನ್ನು ನೆನಪಿನಲ್ಲಿಡಿ.

ನನ್ನದು 2013ರ ಗಾಡಿ, ಎರಡನೆಯ ಕೈ. ಇದರ 1248 ಸಿ.ಸಿ. ಎಂಜಿನ್ ಫಿಯಟ್ ಕಂಪನಿಯ ವಿನ್ಯಾಸ. ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಓಡಿದ್ದರಿಂದ ಬಿಡಿಭಾಗಕ್ಕೆ ಅಷ್ಟಾಗಿ ತೊಂದರೆಯಿಲ್ಲ, ಕೈ ಪಳಗಿದ ಮೆಕ್ಯಾನಿಕರೂ ಸಿಗುತ್ತಾರೆ. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು.

ಇನ್ನು ಕಥೆ. ಹೂವಿಗೆ ನೀರು ಕೊಡಲು ನಾವು ಡೀಸೆಲ್ ಪಂಪ್‌ಸೆಟ್ ಓಡಿಸುವವರು. ಅದಕ್ಕೆಂದು 200 ಲೀಟರಿನ ಬ್ಯಾರಲ್ಲಿನಲ್ಲಿ ಡೀಸೆಲ್ ತಂದಿಡುವುದು ಎಲ್ಲರ ಮನೆಯ ರೂಢಿ. ಮಾರ್ಚಿಯಲ್ಲಿ ಉಳಿದ ನಲವತ್ತು ಲೀಟರು ಕೊಟ್ಟಿಗೆಯ ಹೊರಗೋಡೆಗೆ ಮಳೆಗಾಲವೆಲ್ಲ ನಿಂತಿತ್ತು. ಸೆಪ್ಟೆಂಬರಿನ ಒಂದು ದಿನ ಪೇಟೆಗೆ ಹೊರಟಾಗ ಕಾರಿನ ಟ್ಯಾಂಕ್ ಬರಿದು, ಬಂಕಿಗೆ ಹದಿನಾರು ಕಿ.ಮೀ. ಬ್ಯಾರಲ್ಲಿನಿಂದ ಹತ್ತು ಲೀಟರು ಇಳಿಸಿ, ನಾಲ್ಕು ಮಡಿಕೆ ಪಂಚೆಯಲ್ಲಿ ಸೋಸಿ ಹೊಯ್ದೆ. ಹನ್ನೊಂದನೆಯ ಕಿ.ಮೀ.ಗೆ ಘಟ್ಟದ ತಿರುವಿನಲ್ಲಿ ಕಾರು ಎರಡು ಸಲ ಜಗ್ಗಿ ನಿಂತಿತು. ಮುಂಚೆಯೇ ಒಂದು ದೀಪ ಹೊತ್ತಿತ್ತು. ಅದು ಡೀಸೆಲ್ಲಿನಲ್ಲಿ ನೀರಿದೆ ಎಂಬ ದೀಪವೆಂದು ಗೊತ್ತಾದದ್ದು ಗ್ಯಾರೇಜಿನಲ್ಲಿ. ಪಂಪು ರಿಪೇರಿ, ಎರಡು ಇಂಜೆಕ್ಟರು ಹೊಸದು, ಟ್ಯಾಂಕ್ ಇಳಿಸಿ ತೊಳೆದದ್ದು, ಎಳೆದು ತಂದ ಪಿಕಪ್ಪಿನ ಬಾಡಿಗೆ, ಒಟ್ಟು 62,000. ಮೇಲಿನ ಲೆಕ್ಕದ ಪ್ರಕಾರ ಸುಮಾರು ನಾಲ್ಕು ವರ್ಷದ ಉಳಿತಾಯ!

ನೀರು ಬಂದದ್ದೆಲ್ಲಿಂದ? ಬಿರಡೆ ಬಿಗಿಯಾಗಿಯೇ ಇತ್ತು. ಆದರೆ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ರಾತ್ರಿ ತಂಪಿಗೆ ಕುಗ್ಗಿ ಬಿರಡೆಯ ಸುತ್ತಿನಿಂದ ಆ ನೀರನ್ನೇ ಒಳಗೆ ಎಳೆಯುತ್ತದೆ. ಅರ್ಧ ಖಾಲಿಯಿದ್ದರೆ ಒಳಗೋಡೆಯಲ್ಲೂ ಬೆವರುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ತಳಕ್ಕಿಳಿದು, ಅಲ್ಲಿ ಪಾಚಿಯಂತಹ ಲೋಳೆಯೂ ಕಟ್ಟುತ್ತದೆ. ಬಟ್ಟೆ ಕಸವನ್ನು ಹಿಡಿದೀತು, ನೀರನ್ನಲ್ಲ.

"ಹಿಂದೆ ಇಂಡಿಕಾಕ್ಕೆ ಇದನ್ನೇ ಹಾಕುತ್ತಿದ್ದೆವಲ್ಲ!" ಎನ್ನುವವರಿದ್ದಾರೆ. ನಿಜ. 1998ರ ಕೊನೆಯಲ್ಲಿ ಬಂದ ಇಂಡಿಕಾದ ಪಂಪು ಹಳೆಯ ಕ್ರಮದ್ದು, ಪಂಪ್‌ಸೆಟ್ಟಿನ ಹಾಗೆ ಕೆಮ್ಮುತ್ತಲಾದರೂ ಓಡುತ್ತಿತ್ತು. ಈಗಿನದು ಕಾಮನ್ ರೈಲ್. ನಮ್ಮ ಟಯರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ; ಇದರ ಕೊಳವೆಯಲ್ಲಿ ಸಾವಿರ ಬಾರನ್ನೂ ಮೀರುತ್ತದೆ. ಕಣ್ಣಿಗೆ ಕಾಣದ ತೂತುಗಳಿಂದ ಡೀಸೆಲ್ ಚಿಮ್ಮಬೇಕು, ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆಯ ಕೆಲಸವನ್ನೂ ಮಾಡಬೇಕು. ನೀರು ಹೊಕ್ಕರೆ ಲೋಹ ಲೋಹವನ್ನೇ ತಿನ್ನುತ್ತದೆ. ಈಗ ನಮ್ಮ ಬ್ಯಾರಲ್ ಸೂರಿನಡಿ ಓರೆಯಾಗಿ ನಿಂತಿದೆ. ಅದರ ಮೇಲೆ ನನ್ನ ಮನೆಯವರು ಸುಣ್ಣದಲ್ಲಿ "ಕಾರಿಗಲ್ಲ" ಎಂದು ಬರೆದಿದ್ದಾರೆ.

ಕೊಳ್ಳುವವರು ಬೆಳಿಗ್ಗೆಯೇ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಿಸಿ ಮಾಡಿಟ್ಟ ಎಂಜಿನ್ ತೋರಿಸಿದರೆ ಮರುದಿನ ಬರುತ್ತೇನೆನ್ನಿ. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಏರಿನಲ್ಲಿ ದಟ್ಟ ಕಪ್ಪಾದರೆ ಇಂಜೆಕ್ಟರಿನ ಮೇಲೋ ಟರ್ಬೊದ ಮೇಲೋ ಗುಮಾನಿಯಿರಲಿ. ಡೀಸೆಲ್ ಫಿಲ್ಟರ್ ಎಂದು ಬದಲಾಯಿತು, ಅದರ ತಳದ ನೀರನ್ನು ಎಂದಾದರೂ ಬಿಟ್ಟಿದ್ದಾರೆಯೇ ಎಂದು ಕೇಳಿ. ಉತ್ತರಕ್ಕಿಂತ ಮುಖ ನೋಡುವುದು ಲೇಸು. ತೋಟದಿಂದ ಸಂಘಕ್ಕೆ, ಸಂಘದಿಂದ ಮನೆಗೆ ಎಂದು ಎರಡು ಮೂರು ಕಿ.ಮೀ. ಓಡಾಟವೇ ಹೆಚ್ಚಿರುವವರಿಗೆ ಡೀಸೆಲ್ ಬೇಡ, ಅದರಲ್ಲೂ 2020ರ ನಂತರದ ಬಿಎಸ್-6 ಗಾಡಿ ಬೇಡವೇ ಬೇಡ. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ದೂರ ಓಡಿ ಕಾಯದಿದ್ದರೆ ಅದು ಕಟ್ಟಿಕೊಳ್ಳುತ್ತದೆ.

ಕಾಗದಪತ್ರದ ವಿಷಯ. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬೀಳದೆ ಪೂರ್ತಿ ಹಣ ಕೊಡಬೇಡಿ. ಆರ್.ಸಿ.ಯಲ್ಲಿ ಸಾಲದ ನಮೂದು ಉಳಿದಿದ್ದರೆ ಅದನ್ನು ತೆಗೆಸುವುದು ಮಾರುವವರ ಕೆಲಸ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿದಂದಿನಿಂದ ಆ ಕಡೆಯ ಕಾರುಗಳು ಅಗ್ಗಕ್ಕೆ ಬರತೊಡಗಿವೆ. ಅಲ್ಲಿನ ನಿರಾಕ್ಷೇಪಣಾ ಪತ್ರವಿಲ್ಲದೆ ಇಲ್ಲಿ ನೋಂದಣಿಯಾಗದು, ನಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಸೇರಿಸಿ ಬೆಲೆ ನೋಡಿ. ನೋಂದಣಿಯ ಅವಧಿ 15 ವರ್ಷ. ನನ್ನದು 2028ಕ್ಕೆ ಮುಗಿಯುತ್ತದೆ. ನವೀಕರಿಸಬೇಕೋ ಮಾರಬೇಕೋ ಎಂದು ಆ ವರ್ಷದ ಅಡಿಕೆ ಮಾರಿದ ಮೇಲೆ ನೋಡೋಣವೆಂದಿದ್ದೇನೆ.