ದಾರ ಅಳೆದ ದೂರ

ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ಶಾಲಾ ಅಟ್ಲಾಸು ಬೇರೆಲ್ಲಕ್ಕೂ ಆದೀತು, ವಿಮಾನದ ದೂರ ಅಳೆಯುವುದಕ್ಕೆ ಮಾತ್ರ ಆಗದು. ಅದರ ಪ್ರಪಂಚ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಓಡುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 20,000 ಕಿ.ಮೀ. ಅಂದರೆ ಭೂಮಿಯ ಅರ್ಧ ಸುತ್ತು!

ಗ್ಲೋಬಿನ ಮೇಲೆ ಅವೇ ಎರಡು ಊರುಗಳ ನಡುವೆ ದಾರ ಬಿಗಿಹಿಡಿದು ನೋಡಬೇಕು. ದಾರ ಹಿಮಾಲಯ ದಾಟಿ, ಚೀನಾ, ಸೈಬೀರಿಯಾಗಳ ಮೇಲೆ ಹತ್ತಿ, ಅಲಾಸ್ಕಾ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಎರಡೂ ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರ; ಹೆಚ್ಚುಕಡಿಮೆ ಭೂಗೋಳದ ಎದುರುಬದುರು ಮಗ್ಗುಲು. ಹಾಗಾಗಿ ಬಳಸಿ ಹೋಗುವುದಕ್ಕಿಂತ ನೆತ್ತಿ ಹತ್ತಿ ಇಳಿಯುವುದೇ ಹತ್ತಿರ.

ಇಷ್ಟಾದರೂ ವಿಮಾನಗಳು ದಾರದ ಮೇಲೆಯೇ ಹೋಗುವುದಿಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಮಹಿಳೆಯರೇ. ಆ ಬೋಯಿಂಗ್ 777 ಉತ್ತರ ಧ್ರುವದ ಮೇಲೆ ಹಾರಿಬಂತು. ಲೆಕ್ಕ ಹಾಕಿದರೆ ಧ್ರುವವನ್ನೇ ಮುಟ್ಟಿ ಬರುವ ದಾರಿ ದಾರಕ್ಕಿಂತ ಸುಮಾರು 400 ಕಿ.ಮೀ. ಹೆಚ್ಚು. ಆದರೆ ಇಂಧನ ಸುಡುವುದು ನೆಲದ ಕಿಲೋಮೀಟರ್ ನೋಡಿ ಅಲ್ಲ, ಗಾಳಿಯಲ್ಲಿ ಕಳೆದ ಹೊತ್ತು ನೋಡಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಅದಕ್ಕೆ ಎದುರಾಗಿ ಹೆಣಗುವುದಕ್ಕಿಂತ ತುಸು ಸುತ್ತಿ ಹೋಗುವುದೇ ಎಷ್ಟೋ ಸಲ ಲಾಭ. ಬೆಂಗಳೂರಿನಿಂದ ಹೊರಟವರಿಗೆ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ.

ಧ್ರುವದ ದಾರಿಗೆ ಅದರದೇ ತಾಪತ್ರಯಗಳಿವೆ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಮೈನಸ್ 60ಕ್ಕೂ ಇಳಿಯಬಹುದು. ಟ್ಯಾಂಕಿನ ಉಷ್ಣತೆ ಕುಸಿದರೆ ಪೈಲಟ್‌ಗಳು ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಕೆಳಗಿಳಿಯುತ್ತಾರೆ.

ಸುಮಾರು 17 ಗಂಟೆ ಹಾರಿ ಆ ವಿಮಾನ ದೇವನಹಳ್ಳಿಯಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಶನಿವಾರ ರಾತ್ರಿ ಹತ್ತಿದವರ ಭಾನುವಾರ ಆಕಾಶದಲ್ಲೇ ಮುಗಿದಿತ್ತು. ಇದಕ್ಕೆ ಚಳಿಗಾಲದಲ್ಲಿರುವ ಹದಿಮೂರೂವರೆ ಗಂಟೆಗಳ ಸಮಯ ವ್ಯತ್ಯಾಸ ಕಾರಣ. ಇಲ್ಲಿಂದ ಹೋಗುವವರು 16 ಗಂಟೆ ಹಾರಿದರೂ ಅಲ್ಲಿನ ಗಡಿಯಾರದ ಪ್ರಕಾರ ಹೊರಟ ಎರಡೂವರೆ ಗಂಟೆಯಲ್ಲೇ ತಲುಪಿರುತ್ತಾರೆ.

ದಾರಿ ನಿರ್ಧರಿಸುವಲ್ಲಿ ರಾಜಕೀಯವೂ ಇದೆ. ಯುನೈಟೆಡ್ ಏರ್‌ಲೈನ್ಸ್ ಇದೇ ಎರಡು ನಗರಗಳ ನಡುವೆ ಹಾರುವ ಯೋಜನೆ ಹಾಕಿತ್ತು. 2022ರಲ್ಲಿ ಅಮೆರಿಕನ್ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ್ದರಿಂದ ಅದು ನಿಂತಿತು. ಏರ್ ಇಂಡಿಯಾಕ್ಕೆ ಆ ಆಕಾಶ ತೆರೆದೇ ಇತ್ತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಅದರ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಒಳಗಿದ್ದ ಪ್ರಯಾಣಿಕರು 216. ಮುಂಬೈಯಿಂದ ಬೇರೆ ವಿಮಾನ ಬರುವ ತನಕ ಅವರಲ್ಲಿ ಹಲವರು ಶಾಲೆಯೊಂದರ ಕೊಠಡಿಗಳಲ್ಲಿ ನೆಲಕ್ಕೆ ಹಾಸಿಗೆ ಹಾಸಿ ಮಲಗಿದರು.