ಮೈಮುಟ್ಟಿ ನೋಡುವ ಅಧಿಕಾರಕ್ಕೂ ಮಿತಿಯುಂಟು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ವಿಮಾನ ಹತ್ತಬೇಕಾದರೆ ಸಾಮಾನ್ಯವಾಗಿ ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಬಸ್ಸಿನಲ್ಲಾದರೆ ಟಿಕೆಟ್ ತೋರಿಸಿದರೆ ಮುಗಿಯಿತು. ವಿಮಾನಕ್ಕೆ ಹಾಗಲ್ಲ. ಮೈ ತಡವುತ್ತಾರೆ, ಚೀಲ ಬಿಚ್ಚಿಸುತ್ತಾರೆ. ಒಮ್ಮೊಮ್ಮೆ ಯಂತ್ರ ದಾಟಿ ಬಂದವರನ್ನೂ ಬದಿಗೆ ಕರೆದು ಮತ್ತೆ ನೋಡುತ್ತಾರೆ. ಮೊದಲ ಸಲ ಹೊರಟವರಿಗೆ, ತಮ್ಮ ಮೇಲೇ ಗುಮಾನಿಯೇನೋ ಎಂಬ ಅಳುಕು. ಇದಕ್ಕೆ ಒಪ್ಪಲೇಬೇಕೆ?

ಈ ಬಿಗಿಯ ಹಿಂದೆ ಕಹಿ ಇತಿಹಾಸವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. 1987ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು. 1999ರ ಕಂದಹಾರ್ ಅಪಹರಣದ ನಂತರ ದೊಡ್ಡ ನಿಲ್ದಾಣಗಳ ಕಾವಲು ಹಂತಹಂತವಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಹೋಯಿತು.

ತಪಾಸಣೆ ಒಲ್ಲೆ ಎನ್ನಬಹುದು. ಆದರೆ ವಿಮಾನ ಹತ್ತಲು ಬಿಡುವುದಿಲ್ಲ. ಇಷ್ಟರಿಂದ ನಾಗರಿಕನ ಹಕ್ಕು ಬಾಗಿಲಲ್ಲೇ ಉಳಿಯಿತೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಕೈಹಾಕುವ ಸರ್ಕಾರಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಎಲ್ಲರ ನಡುವೆ ಯಾರನ್ನೋ ಒಬ್ಬರನ್ನು ಆರಿಸಿ ನೋಡುವುದರ ಅರ್ಥವೂ ಇಲ್ಲಿ ತಿಳಿಯುತ್ತದೆ. ಯಾರ ಸರದಿ ಎಂದು ಮೊದಲೇ ಗೊತ್ತಾದರೆ ದುಷ್ಟ ತಪ್ಪಿಸಿಕೊಳ್ಳುತ್ತಾನೆ. ಚೀಟಿ ಎತ್ತಿದಂತೆ ಆರಿಸಿದರೆ ಅದು ಭದ್ರತೆ. ಹೆಸರು, ಜಾತಿ, ಧರ್ಮ ನೋಡಿಯೇ ಆರಿಸಿದರೆ ಅದು ತಾರತಮ್ಯ. ಸಂವಿಧಾನದ 14 ಮತ್ತು 15ನೆಯ ವಿಧಿಗಳು ಅಡ್ಡ ಬರುತ್ತವೆ.

ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ತಪಾಸಿಸಬೇಕು. ಅಂಗವಿಕಲರ ಗೌರವ ಇನ್ನೂ ಸೂಕ್ಷ್ಮ. ಕೃತಕ ಕಾಲನ್ನು ಪ್ರತಿ ಸಲ ಬಿಚ್ಚಿಸುತ್ತಾರೆಂದು ನರ್ತಕಿ ಸುಧಾ ಚಂದ್ರನ್ 2021ರಲ್ಲಿ ಬಹಿರಂಗವಾಗಿ ನೊಂದು ಹೇಳಿದಾಗ ಭದ್ರತಾ ಪಡೆ ಕ್ಷಮೆ ಕೇಳಿತು. ಅಂಧ ಗಾಯಕರನ್ನು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಊರಾದ ಗದಗಿಗೆ ಈ ಮಾತು ದೂರದ್ದಲ್ಲ.

ಹಾಗಾದರೆ ಪ್ರಯಾಣಿಕ ಮಾಡಬೇಕಾದದ್ದೇನು? ವಾದಕ್ಕಿಳಿಯದೆ ಕಾರಣ ಕೇಳಬಹುದು, ಮರೆಯಲ್ಲಿ ನೋಡಿರೆಂದು ಕೋರಬಹುದು, ಮೇಲಧಿಕಾರಿಯನ್ನು ಕರೆಸಿರೆನ್ನಬಹುದು. ಅನ್ಯಾಯವಾಯಿತೆನಿಸಿದರೆ ದಿನ, ಹೊತ್ತು, ಸಿಬ್ಬಂದಿಯ ಹೆಸರು ಬರೆದಿಟ್ಟು ಲಿಖಿತ ದೂರು ಕೊಡಬಹುದು. ಬಾಂಬಿನ ಹಾಸ್ಯ ಮಾತ್ರ ಬೇಡ. ತಪಾಸಣೆಗೆ ಕೈ ಎತ್ತಿ ನಿಂತವನು ತನ್ನ ಮಾನವನ್ನು ಕೈಬಿಟ್ಟಂತಲ್ಲ.