ಕುನ್ನಿಯ ಕಿವಿ ಸೋರಿದಾಗ

ಆಗಷ್ಟೇ ಹುಟ್ಟಿದ ನಾಯಿಮರಿಯ ಕಣ್ಣು ಮುಚ್ಚಿರುವುದು ಎಲ್ಲರಿಗೂ ಗೊತ್ತು. ಅದರ ಕಿವಿಯ ತೂತೂ ಹಾಗೆಯೇ ಮುಚ್ಚಿರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಸುಮಾರು ಎರಡು ವಾರ ತುಂಬುವಾಗ ಕಿವಿ ತೆರೆಯತೊಡಗಿ, ಮೂರನೆಯ ವಾರದ ಹೊತ್ತಿಗೆ ಮರಿ ಸದ್ದಿಗೆ ತಲೆಯೆತ್ತಲು ಕಲಿಯುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕುನ್ನಿ ಎಂದು ಕರೆಯಲಾಗುವ ಈ ಮರಿ ಬಹಳ ಸಲ ಮೇವಿನ ಬಣವೆಯ ಬುಡದಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಹುಟ್ಟಿ, ಅಲ್ಲಿಯೇ ಕಣ್ಣು ಕಿವಿ ತೆರೆಯುವುದರಿಂದ, ಹೊಟ್ಟು, ಧೂಳು, ತಾಯಿಯ ಮೈಮೇಲಿನ ಕ್ರಿಮಿಗಳು ಇವೆಲ್ಲಕ್ಕೂ ಆ ಹೊಸ ದಾರಿ ಮೊದಲ ದಿನದಿಂದಲೇ ತೆರೆದಿರುತ್ತದೆ. ಒಂದೂವರೆ ಎರಡು ತಿಂಗಳಿಗೆ ಮರಿಯನ್ನು ಮನೆಗೆ ತಂದವರು ಕೆಲವೇ ದಿನಗಳಲ್ಲಿ ಅದು ತಲೆ ಕೊಡವುವುದನ್ನೂ, ಹಿಂಗಾಲಿನಿಂದ ಕಿವಿ ಕೆರೆಯುವುದನ್ನೂ, ಕಿವಿಯಿಂದ ವಾಸನೆ ಬರುವುದನ್ನೂ ಕಂಡು ‘ಕಿವಿ ಸೋರಲಿಕ್ಕೆ ಹತ್ತಿದೆ’ ಎನ್ನುತ್ತಾರೆ. ಮಾತು ಸರಿಯೇ ಆದರೂ ಅದು ಹೇಳುವುದು ಲಕ್ಷಣವನ್ನು, ರೋಗವನ್ನಲ್ಲ. ಸೋರುವ ಕಿವಿಯ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕಾರಣಗಳಿರಬಹುದು, ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ಅಪಾಯವೂ ಆಗಬಹುದು.

ಮನುಷ್ಯನ ಕಿವಿಯ ನಾಳ ಹೆಚ್ಚುಕಡಿಮೆ ಅಡ್ಡಲಾಗಿ ನೇರಕ್ಕೆ ಹೋಗಿ ಕಿವಿತಮಟೆಯನ್ನು, ಅಂದರೆ ಸದ್ದಿಗೆ ಕಂಪಿಸುವ ತೆಳುಪೊರೆಯನ್ನು, ಮುಟ್ಟುತ್ತದೆ. ನಾಯಿಯ ಕಿವಿನಾಳವಾದರೋ ಮೊದಲು ಕೆಳಮುಖವಾಗಿ ಇಳಿದು, ಅನಂತರ ಮೊಣಕೈ ಮಡಿಸಿದ ತೋಳಿನಂತೆ ತಲೆಯ ಒಳಕ್ಕೆ ಹೊರಳುತ್ತದೆ. ಈ ತಿರುವಿನಿಂದಾಗಿ ಒಳಗೆ ಹೋದ ನೀರು, ಕಸ, ಕೀವು ತಾವಾಗಿ ಹೊರಗೆ ಹರಿಯುವುದಿಲ್ಲ, ಹೊರಗೆ ನಿಂತು ನೋಡುವವರಿಗೆ ತಿರುವಿನಾಚೆ ಏನಿದೆಯೆಂದು ಕಾಣುವುದೂ ಇಲ್ಲ. ಮರಿಯಲ್ಲಿ ನಾಳ ಇನ್ನೂ ಸಪೂರವಾಗಿರುವುದರಿಂದ ಚರ್ಮ ಸ್ವಲ್ಪ ಬಾತರೂ ದಾರಿಯೇ ಮುಚ್ಚಿಹೋಗುತ್ತದೆ. ಜೋಲುಗಿವಿಯ ತಳಿಗಳಲ್ಲಿ ಕಿವಿಯ ಹಾಳೆ ಮುಚ್ಚಳದಂತೆ ಕೂತು ಒಳಗಿನ ತೇವವನ್ನು ಹಿಡಿದಿಡುತ್ತದೆ. ಹುಬ್ಬಳ್ಳಿಯಿಂದ ಕೊಂಡು ತರುವ ಲ್ಯಾಬ್ರಡಾರ್ ಮತ್ತು ಕಾಕರ್ ಸ್ಪಾನಿಯೆಲ್ ಮರಿಗಳಿಗೆ ಈ ತೊಂದರೆ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಕಿವಿಯೂ ಇಳಿಬಿದ್ದದ್ದೇ ಆದರೂ ತೆಳುವಾಗಿ, ಒಳಗೆ ಕೂದಲಿನ ದಟ್ಟಣೆಯಿಲ್ಲದ್ದರಿಂದ ಗಾಳಿಯಾಡಲು ಅಷ್ಟು ಅಡ್ಡಿಯಾಗದು.

ಎಳೆಯ ಮರಿಗಳಲ್ಲಿ ಮೊದಲು ಶಂಕಿಸಬೇಕಾದದ್ದು ಕಿವಿನುಸಿಯನ್ನು. ಒಟೊಡೆಕ್ಟಿಸ್ ಸೈನೋಟಿಸ್ ಎಂಬ ಶಾಸ್ತ್ರೀಯ ಹೆಸರಿನ ಈ ಎಂಟುಕಾಲಿನ ಜೀವಿ ಬರಿಗಣ್ಣಿಗೆ ಬಿಳಿಯ ಚುಕ್ಕೆಯಷ್ಟೇ. ಚರ್ಮವನ್ನು ಕೊರೆಯದೆ, ಮೇಲ್ಪದರದ ಹೊಟ್ಟನ್ನೂ ಒಸರುವ ದ್ರವವನ್ನೂ ತಿಂದು ಬದುಕುತ್ತದೆ. ತಾಯಿಯಿಂದ ಮರಿಗೆ, ಮರಿಯಿಂದ ಮರಿಗೆ, ಮನೆಯ ಬೆಕ್ಕಿನಿಂದ ನಾಯಿಗೆ ಮೈ ತಾಗಿದಷ್ಟರಿಂದಲೇ ಹರಡುತ್ತದೆ. ಇದು ಕೂತ ಕಿವಿಯಲ್ಲಿ ಚಹಾಪುಡಿಯ ಗಸಿಯನ್ನು ಒಣಗಿಸಿಟ್ಟಂಥ ಕಪ್ಪು ಕಂದು ಪುಡಿ ತುಂಬಿರುತ್ತದೆ, ತುರಿಕೆಯೂ ವಿಪರೀತ. ಆ ತುರಿಕೆ ಎಂಥದೆಂದು ಮನುಷ್ಯನೊಬ್ಬ ಸ್ವಂತ ಅನುಭವದಿಂದ ಹೇಳಿದ್ದುಂಟು: ಅಮೆರಿಕದ ಪಶುವೈದ್ಯ ರಾಬರ್ಟ್ ಲೋಪೆಜ್ ಬೆಕ್ಕಿನ ಕಿವಿಯ ನುಸಿಗಳನ್ನು ತಮ್ಮದೇ ಕಿವಿಗೆ ಬಿಟ್ಟುಕೊಂಡು, ಒಳಗೆ ಅವು ಕೆರೆಯುವ ಸದ್ದನ್ನೂ, ರಾತ್ರಿ ಏರುತ್ತಿದ್ದ ಅವುಗಳ ಓಡಾಟವನ್ನೂ, ನಿದ್ದೆಗೆಡಿಸಿದ ತುರಿಕೆಯನ್ನೂ ದಾಖಲಿಸಿದರು. ವಿಚಿತ್ರ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಪ್ರಶಸ್ತಿ 1994ರಲ್ಲಿ ಅವರ ಪಾಲಾಯಿತು. ಜಗತ್ತು ನಕ್ಕಿತು, ನಿಜ. ಆದರೆ ರಾತ್ರಿಯೆಲ್ಲ ಕುಂಯ್‌ಗುಡುತ್ತ ತಲೆಯನ್ನು ನೆಲಕ್ಕೆ ಉಜ್ಜುವ ಮರಿಯ ಪಾಡನ್ನು ಅಷ್ಟು ಹತ್ತಿರದಿಂದ ಅರಿತವರು ಬೇರೆ ಯಾರಿದ್ದಾರೆ?

ನುಸಿಯ ಮೊಟ್ಟೆ ಬೆಳೆದು ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಮೂರು ವಾರ ಹಿಡಿಯುತ್ತದೆ. ಆದ್ದರಿಂದ ನಾಲ್ಕು ದಿನ ಹನಿ ಹಾಕಿ, ತುರಿಕೆ ನಿಂತಿತೆಂದು ಬಿಟ್ಟುಬಿಟ್ಟರೆ ಉಳಿದ ಮೊಟ್ಟೆಗಳಿಂದ ರೋಗ ಮರಳುತ್ತದೆ. ಮರಿಗೆ ಮಾತ್ರ ಚಿಕಿತ್ಸೆ ಮಾಡಿ, ಪಡಸಾಲೆಯಲ್ಲಿ ಮಲಗುವ ಬೆಕ್ಕನ್ನು ಹಾಗೆಯೇ ಬಿಟ್ಟರೂ ಫಲ ಅದೇ. ಹೆಗಲ ನಡುವಿನ ಚರ್ಮಕ್ಕೆ ಹಚ್ಚುವ ಸೆಲಾಮೆಕ್ಟಿನ್‌ನಂಥ ಔಷಧಗಳನ್ನು ಆರು ವಾರ ದಾಟಿದ ನಾಯಿಮರಿಗಳಿಗೆ ತೂಕ ನೋಡಿ ವೈದ್ಯರು ಬಳಸುತ್ತಾರೆ.

ಇನ್ನೊಂದು ಕಾರಣ ಈ ಸೀಮೆಯ ನೆಲಕ್ಕೂ ಬೆಳೆಗೂ ಅಂಟಿಕೊಂಡದ್ದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಹಿಂಗಾರಿನ ಜೋಳ, ಕಡಲೆ, ಕುಸುಬೆಗಳ ಜೊತೆಗೆ ಗೋಧಿಯೂ ಬೆಳೆಯುತ್ತದೆ. ಗೋಧಿಯ ತೆನೆಗೆ ಊಬು, ಅಂದರೆ ಉದ್ದನೆಯ ಸೂಜಿಯಂಥ ಮೀಸೆ, ಇರುತ್ತದೆ. ಬದುವಿನ ಮೇಲೆ ಒಣಗಿ ನಿಲ್ಲುವ ಕೆಲವು ಹುಲ್ಲುಗಳ ಬೀಜಕ್ಕೂ ಇಂಥದೇ ಮೀಸೆಯುಂಟು, ದಾರಿಹೋಕರ ಸೀರೆ ಧೋತರಗಳಿಗೆ ಚುಚ್ಚಿಕೊಳ್ಳುವುದು ಇದೇ. ಊಬಿನ ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಹಲ್ಲುಗಳಿರುವುದರಿಂದ ಅದು ಮುಂದಕ್ಕೆ ಸರಿಯಬಲ್ಲದೇ ಹೊರತು ಹಿಂದಕ್ಕೆ ಬಾರದು. ಸುಗ್ಗಿಯ ದಿನಗಳಲ್ಲಿ ರಾಶಿಯ ಸುತ್ತ ಉರುಳಾಡುವ ಮರಿಯ ಕಿವಿಗೆ ಇದು ಹೊಕ್ಕರೆ, ಮರಿ ತಲೆ ಕೊಡವಿದಷ್ಟೂ ಆಳಕ್ಕೆ ಇಳಿದು, ಕಿವಿತಮಟೆಯನ್ನೇ ತೂರಬಹುದು. ಆವರೆಗೆ ಚೆನ್ನಾಗಿಯೇ ಆಡುತ್ತಿದ್ದ ಮರಿ ಹೊಲದಿಂದ ಬಂದ ತಕ್ಷಣ ಒಂದೇ ಕಿವಿಯನ್ನು ಕೆಳಗೆ ಮಾಡಿ, ಹುಚ್ಚು ಹಿಡಿದಂತೆ ತಲೆ ಕೊಡವತೊಡಗಿದರೆ ಹನಿ ಔಷಧ ಹುಡುಕುವುದು ವ್ಯರ್ಥ. ಊಬನ್ನು ವೈದ್ಯರು ಮರಿಗೆ ಮಂಪರು ಕೊಟ್ಟು ಚಿಮಟದಿಂದ ಹೊರಗೆಳೆಯಬೇಕಾಗುತ್ತದೆ.

ಕಲಘಟಗಿಯ ಕಡೆ ಚಿತ್ರ ತುಸು ಬೇರೆ. ಮಲೆನಾಡಿನ ಅಂಚಿನಲ್ಲಿರುವ ಆ ತಾಲ್ಲೂಕಿನ ಮಸಾರಿ ನೆಲದ ಭತ್ತ, ಗೋವಿನಜೋಳದ ಹಳ್ಳಿಗಳಲ್ಲಿ ಮಳೆಗಾಲ ದೀರ್ಘ, ಕಾಡೂ ಹತ್ತಿರವಾದ್ದರಿಂದ ತೇವ ಮತ್ತು ಉಣ್ಣಿಗಳ ಕಾಟವೇ ಮುಂದು. ಆರೋಗ್ಯವಂತ ನಾಯಿಯ ಕಿವಿಯಲ್ಲೂ ಮಲಸೀಜಿಯಾ ಎಂಬ ಯೀಸ್ಟ್, ಅಂದರೆ ಹಿಟ್ಟನ್ನು ಹುದುಗಿಸುವ ಜೀವಿಯ ಬಳಗಕ್ಕೆ ಸೇರಿದ ಸೂಕ್ಷ್ಮ ಶಿಲೀಂಧ್ರ, ಮತ್ತು ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಅಷ್ಟಿಷ್ಟು ಇದ್ದೇ ಇರುತ್ತವೆ. ನೀರು ನಿಂತೋ ನುಸಿ ಕೆರಳಿಸಿಯೋ ಚರ್ಮದ ಕಾವಲು ಸಡಿಲವಾದಾಗ ಅವು ಮಿತಿಮೀರಿ ಹೆಚ್ಚುತ್ತವೆ. ಯೀಸ್ಟ್ ಹೆಚ್ಚಿದ ಕಿವಿಯಲ್ಲಿ ಕಂದು ಬಣ್ಣದ ಜಿಡ್ಡು ಗುಗ್ಗೆಯೂ ಹುಳಿಹಿಟ್ಟಿನಂಥ ಕಮಟು ವಾಸನೆಯೂ ಕಾಣುತ್ತವೆ, ಬ್ಯಾಕ್ಟೀರಿಯಾ ಮೇಲುಗೈಯಾದರೆ ಹಳದಿ ಅಥವಾ ಹಸಿರು ಮಿಶ್ರಿತ ಕೀವು ಬಂದು ಮರಿ ಕಿವಿ ಮುಟ್ಟಲೂ ಬಿಡುವುದಿಲ್ಲ. ಬಣ್ಣ ನೋಡಿ ರೋಗ ಹೇಳುವ ಈ ಲೆಕ್ಕ ಅಂದಾಜಿಗಷ್ಟೇ ಸಾಕು. ಒಂದೇ ಕಿವಿಯಲ್ಲಿ ಎರಡು ಮೂರು ಕಾರಣಗಳು ಕೂಡಿರುವುದು ಅಪರೂಪವೇನಲ್ಲ. ಆಹಾರದ ಅಥವಾ ಧೂಳಿನ ಅಲರ್ಜಿಯಿಂದ ಮತ್ತೆ ಮತ್ತೆ ಕಿವಿ ಕೆಡುವುದು ಸಾಮಾನ್ಯವಾಗಿ ಆರು ತಿಂಗಳು ದಾಟಿದ ನಾಯಿಗಳ ಸಮಸ್ಯೆ.

ಹಸಿಗಾಯವಿರುವ ಕಿವಿಗೆ ನೊಣ ಕೂತು ಮೊಟ್ಟೆಯಿಟ್ಟು ಹುಳ ಬೀಳುವುದು ಎಲ್ಲಕ್ಕಿಂತ ಘೋರವಾದದ್ದು. ಹುಳಗಳು ಜೀವಂತ ಮಾಂಸವನ್ನೇ ಕೊರೆಯುತ್ತ ಹೋಗುವುದರಿಂದ ಒಂದೆರಡು ದಿನಗಳ ತಡವೂ ಎಳೆಯ ಮರಿಯ ಜೀವಕ್ಕೆ ಎರವಾಗಬಲ್ಲದು.

ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಕಿವಿಗೆ ಸುರಿಯುವ ವಾಡಿಕೆ ದಯೆಯಿಂದಲೇ ಹುಟ್ಟಿದ್ದರೂ ಹಾನಿ ಮಾಡುವುದೇ ಹೆಚ್ಚು. ಚಿಮಣಿ ಎಣ್ಣೆ, ಫಿನಾಯಿಲ್, ಟರ್ಪೆಂಟೈನ್ ಕಿವಿಯ ಕೋಮಲ ಚರ್ಮವನ್ನು ಸುಡುತ್ತವೆ. ಬಿಸಿ ಮಾಡಿದ ಕೊಬ್ಬರಿ ಎಣ್ಣೆ ಅಷ್ಟು ಕ್ರೂರವಲ್ಲದಿದ್ದರೂ ತೇವವನ್ನು ಒಳಗೇ ಹಿಡಿದು, ಯೀಸ್ಟಿಗೆ ಅನುಕೂಲವನ್ನೇ ಮಾಡಿಕೊಡುತ್ತದೆ. ಕುರಿ ಸಾಕುವ ಮನೆಗಳಲ್ಲಿ ಇನ್ನೊಂದು ಗಂಡಾಂತರವಿದೆ. ಕುರಿ, ದನಗಳ ಹುಳುವಿಗೂ ಉಣ್ಣಿಗೂ ತಂದಿಟ್ಟ ಐವರ್ಮೆಕ್ಟಿನ್ ಚುಚ್ಚುಮದ್ದು ನುಸಿಗೂ ಆಗುತ್ತದೆಂಬ ಅರೆತಿಳಿವಿನಿಂದ ಅದನ್ನೇ ಮರಿಗೆ ಕೊಡುವವರುಂಟು. ಆ ಬಾಟಲಿಯ ಲೆಕ್ಕ 50 ಕೆ.ಜಿ. ತೂಕಕ್ಕೆ 1 ಮಿ.ಲೀ. ಎಂದಿರುವಾಗ, ಎರಡು ಕೆ.ಜಿ. ತೂಗುವ ಮರಿಗೆ ‘ಅರ್ಧ ಮಿ.ಲೀ. ಸಾಕು’ ಎಂದು ಕೊಟ್ಟರೂ ಅದು ಅದೇ ಲೆಕ್ಕದ ಹನ್ನೆರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಔಷಧ ಮಿದುಳಿಗೆ ಏರಿ ಮರಿ ನಡುಗುತ್ತ, ಜೊಲ್ಲು ಸುರಿಸುತ್ತ, ಕಣ್ಣು ಕಾಣದಾಗಿ ಪ್ರಜ್ಞೆ ತಪ್ಪಬಹುದು. ದನದ ಉಣ್ಣಿಗೆ ನೀರಿನಲ್ಲಿ ಬೆರೆಸಿ ಬಳಿಯುವ ಅಮಿಟ್ರಾಜ್ ಕೂಡ ಎಳೆಮರಿಗೆ ಸಲ್ಲದು. ಕಿವಿಯ ಹಾಳೆಯ ಮೇಲೆ ಉಣ್ಣಿ ಕಂಡರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಊದುಬತ್ತಿಯಿಂದ ಸುಡಬಾರದು. ಇನ್ನು ಮರಿಯ ಕಿವಿ ಕೊಯ್ದರೆ ಕಿವಿಬೇನೆ ಬಾರದು, ನಾಯಿಯೂ ಚೂಟಿಯಾಗುತ್ತದೆ ಎಂಬ ಹಳೆಯ ನಂಬಿಕೆಗೆ ಹುರುಳಿಲ್ಲ: ಕೊಯ್ಯುವುದು ಹೊರಗಿನ ಹಾಳೆಯನ್ನು, ರೋಗ ಕೂರುವುದು ಒಳಗಿನ ತಿರುವಿನಲ್ಲಿ, ಮೇಲಾಗಿ ಆ ಹಸಿಗಾಯವೇ ನೊಣಕ್ಕೆ ಆಹ್ವಾನ.

ಹಳ್ಳಿಯ ಜನ ದನದ ದವಾಖಾನೆ ಎಂದು ಕರೆಯುವ ಪಶು ಆಸ್ಪತ್ರೆಯಲ್ಲಿ ನಾಯಿಮರಿಯನ್ನೂ ನೋಡುತ್ತಾರೆ ಎಂಬುದು ಕೆಲವರಿಗೆ ಇನ್ನೂ ಹೊಸ ಸುದ್ದಿ. ಹೋಬಳಿಯ ಆಸ್ಪತ್ರೆಯಲ್ಲಿ ಸೌಲಭ್ಯ ಸಾಲದಿದ್ದರೆ ತಾಲ್ಲೂಕಿನ ಅಥವಾ ಧಾರವಾಡ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾಗಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನಗಳಿಗಾಗಿ 1962 ಎಂಬ ಶುಲ್ಕರಹಿತ ಸಂಖ್ಯೆಯೂ ಇದೆ. ವೈದ್ಯರು ಮೊದಲು ಓಟೋಸ್ಕೋಪ್ ಎಂಬ ದೀಪವಿರುವ ಕೊಳವೆಯಿಂದ ತಿರುವಿನಾಚೆ ಇಣುಕಿ ಕಿವಿತಮಟೆ ಹರಿಯದೆ ಇದೆಯೇ ಎಂದು ನೋಡುತ್ತಾರೆ. ಅನಂತರ ಹತ್ತಿಯ ಕಡ್ಡಿಯಿಂದ ಗುಗ್ಗೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕೆಲವೇ ನಿಮಿಷಗಳ ಈ ಕೆಲಸವನ್ನು ಮಾಡಿರೆಂದು ಮರಿಯ ಒಡೆಯ ಕೇಳುವುದರಲ್ಲಿ ಸಂಕೋಚ ಬೇಡ. ಏಕೆಂದರೆ ಅಂಗಡಿಯಲ್ಲಿ ಸಿಗುವ ಕಿವಿಹನಿಗಳಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಕೊಲ್ಲುವ ಪ್ರತಿಜೀವಕ, ಯೀಸ್ಟ್ ಕೊಲ್ಲುವ ಶಿಲೀಂಧ್ರನಾಶಕ, ಬಾವು ಇಳಿಸುವ ಸ್ಟೀರಾಯ್ಡ್ ಮೂರೂ ಬೆರೆತಿರುತ್ತವೆ. ಅವುಗಳಲ್ಲಿರುವ ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಪ್ರತಿಜೀವಕಗಳು ಹರಿದ ತಮಟೆಯ ಮೂಲಕ ಒಳಗಿವಿಗೆ ಇಳಿದರೆ ಕೇಳುವ ಶಕ್ತಿಯನ್ನೇ ಕಸಿಯಬಲ್ಲವು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟು ಉಳಿದ ಹನಿಯನ್ನು ಮರಿಯ ಕಿವಿಗೆ ಹಾಕಬಾರದೆನ್ನುವುದು ಇದಕ್ಕಾಗಿಯೇ.

ತಮಟೆ ಸರಿಯಿದೆಯೆಂದು ಗೊತ್ತಾದ ಮೇಲೆ ಮನೆಯವರ ಕೆಲಸ ಕಷ್ಟದ್ದಲ್ಲ. ವೈದ್ಯರು ಕೊಟ್ಟ ತೊಳೆಯುವ ದ್ರವವನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತಂದು, ಕಿವಿಯ ಹಾಳೆಯನ್ನು ಮೇಲಕ್ಕೆತ್ತಿ ನಾಳಕ್ಕೆ ಬಿಟ್ಟು, ಕಿವಿಯ ಬುಡವನ್ನು ಹೊರಗಿನಿಂದ ಅರ್ಧ ನಿಮಿಷ ನೀವಿದರೆ ಒಳಗೆ ಪಚಪಚ ಸದ್ದಾಗುತ್ತದೆ. ಆಮೇಲೆ ಮರಿ ತಾನೇ ತಲೆ ಕೊಡವಿ ಕಸವನ್ನು ಮೇಲಕ್ಕೆ ತರುತ್ತದೆ. ಹಾಗೆ ಹೊರಬಂದದ್ದನ್ನಷ್ಟೇ ಹತ್ತಿಯಿಂದ ಒರೆಸಬೇಕು. ಕಡ್ಡಿ, ಪಿನ್ನು, ಇಯರ್‌ಬಡ್ ಒಳಗೆ ಹಾಕಿದರೆ ಕಸ ತಿರುವಿನಾಚೆಗೆ ಗಿಡಿದುಕೊಳ್ಳುತ್ತದೆ. ಔಷಧದ ಹನಿಗಳನ್ನು ಕಿವಿ ಆರಿದ ಮೇಲೆ ಹಾಕಬೇಕು, ವಾಸನೆ ಹೋಯಿತೆಂದು ನಡುವೆ ಬಿಡದೆ ಹೇಳಿದಷ್ಟು ದಿನ ಮುಂದುವರಿಸಬೇಕು. ನಿಲ್ಲಿಸುವ ಮುನ್ನ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಅರೆಬರೆ ಚಿಕಿತ್ಸೆಯಾದ ಕಿವಿಯಲ್ಲಿ ಸ್ಯೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾ ಬೇರೂರಿದರೆ ಮುಂದೆ ಅನೇಕ ಔಷಧಗಳಿಗೆ ಅದು ಬಗ್ಗುವುದಿಲ್ಲ.

ನೋವಿರುವ ಕಿವಿ ಮುಟ್ಟಿದಾಗ ಎಂಥ ಮುದ್ದಿನ ಮರಿಯೂ ಕಚ್ಚುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕಿಸುವುದರಿಂದ, ಕಿವಿಬೇನೆ ಬರುವ ವಯಸ್ಸಿನಲ್ಲಿ ಅದಕ್ಕೆ ಆ ರಕ್ಷಣೆ ಇರುವುದಿಲ್ಲ. ಆದ್ದರಿಂದ ಹಲ್ಲು ತಾಗಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮರಿಯ ದವಡೆ ಜೋತು, ಜೊಲ್ಲು ಸುರಿಯುತ್ತ, ಸ್ವಭಾವವೇ ಬದಲಾಗಿದ್ದರೆ ಅದನ್ನು ಕಿವಿಬೇನೆಯೆಂದು ತಿಳಿದು ಬಾಯಿಗೆ ಕೈಹಾಕುವುದು ಸಲ್ಲದು.

ಹೊರಗಿವಿಯ ಸೋಂಕು ತಮಟೆ ದಾಟಿ ನಡುಗಿವಿಗೂ, ಅಲ್ಲಿಂದ ಸಮತೋಲ ಕಾಯುವ ಒಳಗಿವಿಗೂ ಇಳಿದರೆ ಮರಿ ತಲೆಯನ್ನು ಒಂದು ಕಡೆ ವಾಲಿಸಿ, ಅದೇ ಕಡೆಗೆ ಸುತ್ತುತ್ತ, ಕಣ್ಣಗುಡ್ಡೆ ಅತ್ತಿಂದಿತ್ತ ಜಗ್ಗುತ್ತ, ನಡೆಯಲಾರದೆ ಉರುಳುತ್ತದೆ. ನೋಡಿದವರು ‘ಗಾಳಿ ಬಡಿದಿದೆ’ ಎಂದು ತಾಯತ ಕಟ್ಟುವುದೂ ಉಂಟು. ಈ ಹಂತದಲ್ಲಿ ಹನಿಗಳು ಸಾಲವು, ವಾರಗಟ್ಟಲೆ ಬಾಯಿಯ ಮೂಲಕ ಔಷಧ ಕೊಡಬೇಕಾಗುತ್ತದೆ. ಸೋಂಕು ವಾಸಿಯಾದ ಮೇಲೂ ಕೆಲವು ಮರಿಗಳಲ್ಲಿ ತಲೆಯ ಆ ವಾಲು ಜೀವನಪೂರ್ತಿ ಉಳಿಯುತ್ತದೆ. ಮೊದಲು ಹೊಸ್ತಿಲು ದಾಟಲು ಎಡವುತ್ತಿದ್ದ ಮರಿ ಕೆಲವು ವಾರಗಳಲ್ಲಿ ಅದಕ್ಕೆ ಒಗ್ಗಿಕೊಂಡು, ವಾಲಿದ ತಲೆಯಲ್ಲಿಯೇ ಒಡೆಯನ ಹಿಂದೆ ಹೊಲದ ದಾರಿ ಹಿಡಿಯುತ್ತದೆ.